ಪಿ.ಸಿ.ಎಂ.ಬಿ. ಇನ್ನೂ ನಮ್ಮನ್ನು ಬಿಟ್ಟಿಲ್ಲ

ಸಂಕ್ರಾಂತಿ ಕೂಟದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ಮುಂದೆ ಬಿಸಿಬೇಳೆ ಭಾತಿನ ಪಾತ್ರೆ, ಹಿಂದೆ ಇಬ್ಬರು ತಂದೆಯರು. "ನಿಮ್ಮವನು ಟ್ರಿಪಲ್ಲೋ ಡಬಲ್ಲೋ?" ಎಂದರು ಒಬ್ಬರು. "ಟ್ರಿಪಲ್ಲೇ ಸಾರ್. ಡಬಲ್ ತಗೊಂಡು ಏನ್ಮಾಡೋದು? ಆಮೇಲೆ ಮೆಡಿಸಿನ್ ಕೊಡಲ್ವಂತೆ" ಎಂದರು ಇನ್ನೊಬ್ಬರು. ಊರಿಂದ ಹೊಸದಾಗಿ ಬಂದವರು ಕೇಳಿದ್ದರೆ ಇದೇನೋ ಬ್ಯಾಡ್ಮಿಂಟನ್ ವಿಚಾರವಿರಬೇಕು ಎಂದುಕೊಳ್ಳುತ್ತಿದ್ದರು. ಅಲ್ಲ, ಇದು ಹದಿಮೂರು ವರ್ಷದ ಹುಡುಗನೊಬ್ಬನ ಹಣೆಬರಹದ ಮಾತು. ಆ ಹುಡುಗ ಅಲ್ಲೇ ಪಕ್ಕದಲ್ಲಿ ಹಪ್ಪಳ ಮುರಿಯುತ್ತ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಈ "ಅಂತೆ"ಯ ಮೇಲೆಯೇ ನನ್ನ ತಕರಾರು. ಟ್ರಿಪಲ್ ಇಲ್ಲದಿದ್ದರೆ ಮೆಡಿಸಿನ್ ಇಲ್ಲವಂತೆ. ನಾಲ್ಕು ಎ-ಲೆವೆಲ್ ಇದ್ದರೇನೇ ಒಳ್ಳೆಯ ಯೂನಿವರ್ಸಿಟಿಯವರು ಮುಖ ನೋಡುವುದಂತೆ. ಇಬ್ಯಾಕ್ ಇಲ್ಲದಿದ್ದರೆ ಬಾಗಿಲು ಬಂದಂತೆ. ಹಿಸ್ಟರಿ ತಗೊಂಡರೆ ವೇಸ್ಟಂತೆ. ಈ ಅಂತೆ ಕಂತೆಗಳ ಸಂತೆಯಲ್ಲಿ ಕಳೆದುಹೋಗುತ್ತಿರುವುದು ನಮ್ಮ ಭಾನುವಾರದ ಕನ್ನಡ ತರಗತಿ. ಏಳೆಂಟು ವರ್ಷದ ಮಕ್ಕಳು ಅ ಆ ಇ ಈ ಎಂದು ಕೂಗುತ್ತ ಬರುತ್ತಾರೆ. ಹದಿಮೂರು ತುಂಬುತ್ತಲೇ ಒಬ್ಬೊಬ್ಬರಾಗಿ ಮಾಯವಾಗುತ್ತಾರೆ. ಮನೆಗೆ ಫೋನ್ ಮಾಡಿ ವಿಚಾರಿಸಿದರೆ "ಟ್ಯೂಷನ್ ಇದೆ ಸಾರ್, ಆಪ್ಷನ್ಸ್ ವರ್ಷ ಅಲ್ವಾ" ಎಂಬ ಉತ್ತರ.

ಈಗ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆಯೇ ಬಂದಿದೆ. ಎರಡು ಗಂಟೆಯ ಕನ್ನಡ ತರಗತಿಯಲ್ಲಿ ಒಂದು ಗಂಟೆಯನ್ನು ಇಲೆವೆನ್ ಪ್ಲಸ್ ಮತ್ತು ಜಿ.ಸಿ.ಎಸ್.ಇ. ಕೋಚಿಂಗಿಗೆ ಬಿಟ್ಟುಕೊಡಬೇಕು, ಹಾಗೆ ಮಾಡಿದರೆ ಮಕ್ಕಳು ಉಳಿಯುತ್ತಾರೆ ಎಂದು. ಉಳಿಯುತ್ತಾರೆ, ನಿಜ. ಕನ್ನಡ ಉಳಿಯುವುದಿಲ್ಲ, ಅಷ್ಟೇ. ಆ ಸಲಹೆಯನ್ನು ವಿರೋಧಿಸಿಯೇ ಇದನ್ನು ಬರೆಯುತ್ತಿದ್ದೇನೆ. ಸಲಹೆ ತಂದವರು ನನ್ನ ಸ್ನೇಹಿತರು, ಅವರ ಮನೆಯ ಕೋಡುಬಳೆಯ ಋಣ ನನ್ನ ಮೇಲಿದೆ. ಆದರೂ ಹೇಳದೆ ಇರಲಾರೆ. ನನ್ನ ವಾದ ಇಷ್ಟೇ: ಕಾಲೇಜಿನವರು ಕೇಳುವುದು ಸ್ವಲ್ಪ, ನಾವು ತುಂಬುವುದು ಬಹಳ. ಆ ಎರಡರ ನಡುವಿನ ಅಂತರವೆಲ್ಲ ನಮ್ಮ ಭಯ. ಆ ಭಯಕ್ಕೆ ಕನ್ನಡದ ಗಂಟೆಯನ್ನು ಬಲಿ ಕೊಡಬೇಕಾಗಿಲ್ಲ.

ಮೊದಲು ಆ ಫಾರಂ ನೋಡೋಣ. ಒಂಬತ್ತನೇ ವರ್ಷದಲ್ಲಿ, ಹೆಚ್ಚಾಗಿ ಫೆಬ್ರವರಿ ಮಾರ್ಚ್ ಸುಮಾರಿಗೆ, ಶಾಲೆಯಿಂದ ಬರುವ ಆಪ್ಷನ್ಸ್ ಫಾರಂ. ಇಂಗ್ಲೆಂಡಿನ ಕಾನೂನಿನಂತೆ ಹದಿನಾರರವರೆಗೆ ಇಂಗ್ಲಿಷು, ಗಣಿತ, ವಿಜ್ಞಾನ ಇವು ಮೂರನ್ನೂ ಯಾರೂ ಬಿಡುವಂತಿಲ್ಲ. ವ್ಯಾಯಾಮ, ಕಂಪ್ಯೂಟಿಂಗ್, ಪೌರನೀತಿ, ಧರ್ಮಶಿಕ್ಷಣ ಇವೂ ಉಂಟು, ಆದರೆ ಅವಕ್ಕೆ ಪರೀಕ್ಷೆ ಕಟ್ಟಲೇಬೇಕೆಂದಿಲ್ಲ. ಇಂಗ್ಲಿಷಿನಲ್ಲಿ ಭಾಷೆ ಒಂದು, ಸಾಹಿತ್ಯ ಒಂದು, ಗಣಿತ ಒಂದು, ವಿಜ್ಞಾನಕ್ಕೆ ಕಡಿಮೆಯೆಂದರೂ ಎರಡು. ಅಲ್ಲಿಗೆ ಐದಾಯಿತು. ಉಳಿಯುವುದು ಮೂರೋ ನಾಲ್ಕೋ ಕಾಲಂ. ಇಡೀ ಜಗಳ ಈ ಮೂರು ನಾಲ್ಕು ಕಾಲಂಗಳದ್ದು.

ಅದರಲ್ಲಿ ಒಂದಕ್ಕೆ ಹಿಸ್ಟರಿ ಅಥವಾ ಜಿಯಾಗ್ರಫಿ, ಇನ್ನೊಂದಕ್ಕೆ ಫ್ರೆಂಚು, ಸ್ಪ್ಯಾನಿಷು, ಜರ್ಮನ್ ಇವುಗಳಲ್ಲೊಂದು ಹಾಕಿ ಎಂದು ಶಾಲೆಯವರು ಒತ್ತಾಯಿಸುತ್ತಾರೆ. ಇದೇ ಇಬ್ಯಾಕ್. ಇದು 2010ರಲ್ಲಿ ಬಂದದ್ದು. ಇದು ಸರ್ಟಿಫಿಕೇಟೂ ಅಲ್ಲ, ಪದವಿಯೂ ಅಲ್ಲ; ಶಾಲೆಗಳನ್ನು ಅಳೆಯಲು ಸರ್ಕಾರ ಹಿಡಿದ ಒಂದು ಅಳತೆಗೋಲು. 2022ರ ಹೊತ್ತಿಗೆ ನೂರಕ್ಕೆ 75 ಮಕ್ಕಳು, 2025ರ ಹೊತ್ತಿಗೆ ನೂರಕ್ಕೆ 90 ಮಕ್ಕಳು ಇದನ್ನು ಓದುವಂತಾಗಬೇಕು ಎಂದು ಗುರಿ ಇಟ್ಟರು. ಗುರಿ ಇಟ್ಟವರೇ 2025ರ ಗುರಿಯ ಹತ್ತಿರಕ್ಕೂ ಬರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಪಠ್ಯಕ್ರಮ ಪರಿಶೀಲನೆಯ ವರದಿ ಬಂದಾಗ ಈ ಅಳತೆಯನ್ನೇ ಕೈಬಿಡುವುದಾಗಿ ಸರ್ಕಾರ ಹೇಳಿತು. ಸರ್ಕಾರವೇ ಬಿಟ್ಟದ್ದನ್ನು ನಮ್ಮ ಊಟದ ಸಾಲಿನಲ್ಲಿ ಮಾತ್ರ ಇನ್ನೂ ಹಿಡಿದುಕೊಂಡಿದ್ದೇವೆ. ಹಿಸ್ಟರಿಯೂ ಫ್ರೆಂಚೂ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕು. ಮಗುವಿಗೆ ಬೇಕಾಗಿದ್ದರೆ ಬೇಕು; ಯೂನಿವರ್ಸಿಟಿ ಕೇಳುತ್ತದೆ ಎಂಬ ಹೆದರಿಕೆಗಲ್ಲ.

ಇನ್ನು ಟ್ರಿಪಲ್ಲಿಗೆ ಬನ್ನಿ. ಕಂಬೈನ್ಡ್ ಸೈನ್ಸ್, ಅಂದರೆ ನಾವು ಡಬಲ್ ಎನ್ನುವುದು, ಎರಡು ಜಿ.ಸಿ.ಎಸ್.ಇ.ಗೆ ಸಮ. ಭೌತ, ರಸಾಯನ, ಜೀವ ಮೂರೂ ಅದರಲ್ಲಿ ಇವೆ. ಮೂರನ್ನೂ ಕಲಿಸುತ್ತಾರೆ, ಮೂರಕ್ಕೂ ಪರೀಕ್ಷೆ ಇದೆ. ಟ್ರಿಪಲ್ಲಿನಲ್ಲಿ ಮೂರಕ್ಕೂ ಬೇರೆ ಬೇರೆ ಗ್ರೇಡು, ಪಾಠ ಸ್ವಲ್ಪ ಹೆಚ್ಚು. ಒಂದು ಜಿ.ಸಿ.ಎಸ್.ಇ.ಗೆ ಸುಮಾರು 120ರಿಂದ 140 ಗಂಟೆಯ ಪಾಠವೆಂದು ಲೆಕ್ಕ. ಹಾಗಾಗಿ ಟ್ರಿಪಲ್ ಎಂದರೆ ಅಷ್ಟು ಗಂಟೆ ಹೆಚ್ಚು. ಅನೇಕ ಶಾಲೆಗಳಲ್ಲಿ ಒಂದು ಕಾಲಂ ಪೂರ್ತಿ ಅದಕ್ಕೇ ಹೋಗುತ್ತದೆ. ಕೆಲವು ಕಡೆ ಕಾಲಂ ಹೋಗದಿದ್ದರೆ ಬೆಳಗಿನ ಮೊದಲ ಗಂಟೆಗೆ ಮುಂಚೆಯೋ ಸಂಜೆಯೋ ಕೂರಿಸುತ್ತಾರೆ. ವೈದ್ಯಕೀಯ ಕಾಲೇಜುಗಳಲ್ಲಿ ಬಹುಪಾಲು ಈ ಡಬಲ್ಲನ್ನು ಒಪ್ಪುತ್ತವೆ. ಹೈಯರ್ ಪೇಪರ್ ಬರೆದು ಒಳ್ಳೆಯ ಗ್ರೇಡು ಬಂದರೆ ಅದರ ಮೇಲೆ ರಸಾಯನಶಾಸ್ತ್ರದ ಎ-ಲೆವೆಲ್ ಸೇರಲೂ ಅಡ್ಡಿಯಿಲ್ಲ. ನಿಮಗೆ ಬೇಕಾದ ಸಿಕ್ಸ್ತ್ ಫಾರ್ಮ್ ಏನು ಕೇಳುತ್ತದೆ ಎಂಬುದನ್ನು ಅದರ ಪ್ರಾಸ್ಪೆಕ್ಟಸ್ಸಿನಲ್ಲಿ ಓದಿ. ಊಟದ ಸಾಲಿನಲ್ಲಿ ಓದಬೇಡಿ. ವಿಜ್ಞಾನವೆಂದರೆ ಪ್ರಾಣ ಎನ್ನುವ ಮಗು ಟ್ರಿಪಲ್ ತೆಗೆದುಕೊಳ್ಳಲಿ, ಸಂತೋಷ. ಡ್ರಾಮಾ ಎಂದರೆ ಪ್ರಾಣ ಎನ್ನುವ ಮಗುವಿಗೆ ಡ್ರಾಮಾ ತೆಗೆಸಿ ಟ್ರಿಪಲ್ ಕೂರಿಸುವುದು ಏತಕ್ಕೆ?

ಈಗ ಎ-ಲೆವೆಲ್. ನನ್ನ ಕೋಪ ಮುಖ್ಯವಾಗಿ ಇರುವುದು ಇಲ್ಲಿ.

ನಾವು ಬೆಳೆದದ್ದು ಪಿ.ಯು.ಸಿ. ಕಾಲದಲ್ಲಿ. ಭೌತ, ರಸಾಯನ, ಗಣಿತ, ಜೀವ ಎಂಬ ನಾಲ್ಕಕ್ಷರದ ಮಂತ್ರ. ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಬಂತೋ, ಪಿ.ಸಿ.ಎಂ.ಬಿ. "ಎರಡೂ ಬಾಗಿಲು ತೆರೆದಿರಲಿ" ಎಂದು ಹಿರಿಯರು ಹೇಳುತ್ತಿದ್ದರು. ಒಂದು ಬಾಗಿಲು ಡಾಕ್ಟರು, ಇನ್ನೊಂದು ಎಂಜಿನಿಯರು. ಮೂರನೆಯ ಬಾಗಿಲು ಇದೆಯೆಂದು ನಮಗೆ ಯಾರೂ ಹೇಳಲಿಲ್ಲ. ಅಲ್ಲಿ ಅದಕ್ಕೊಂದು ಅರ್ಥವಿತ್ತು, ಒಪ್ಪುತ್ತೇನೆ. ಸೀಟು ಕಡಿಮೆ. ಕ್ಯಾಪಿಟೇಷನ್ ಹಾವಳಿ ಎಷ್ಟಿತ್ತೆಂದರೆ 1984ರಲ್ಲಿ ಅದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಕಾನೂನನ್ನೇ ತರಬೇಕಾಯಿತು. 1994ರಿಂದ ಸಿ.ಇ.ಟಿ. ಬಂತು. ಒಂದು ರ‍್ಯಾಂಕು, ಒಂದು ಕೌನ್ಸೆಲಿಂಗು. ಮೆಡಿಕಲ್ ಸಿಗದಿದ್ದರೆ ಎಂಜಿನಿಯರಿಂಗು. ಅಲ್ಲಿ ನಾಲ್ಕನೆಯ ವಿಷಯವೆಂದರೆ ನಿಜಕ್ಕೂ ಎರಡನೆಯ ಬಾಗಿಲು.

ಇಲ್ಲಿ ಹಾಗಲ್ಲ. ಇಲ್ಲಿ ಮಗು ಯೂನಿವರ್ಸಿಟಿಗೆ ಅರ್ಜಿ ಹಾಕುವುದೇ ಕೋರ್ಸಿನ ಹೆಸರು ಬರೆದು. ಯುಕ್ಯಾಸ್ ಅರ್ಜಿಯಲ್ಲಿ ಐದು ಆಯ್ಕೆ. ಮೆಡಿಸಿನ್ ಆದರೆ ಅದರಲ್ಲಿ ನಾಲ್ಕು ಮಾತ್ರ. ಅಕ್ಟೋಬರ್ 15ರೊಳಗೆ ಅರ್ಜಿ ಹೋಗಬೇಕು. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಯುಕ್ಯಾಟ್ ಪರೀಕ್ಷೆ ಮುಗಿಸಿರಬೇಕು. ಬಂದ ಆಫರುಗಳು ಸಾಧಾರಣವಾಗಿ ಮೂರು ಎ-ಲೆವೆಲ್ ಮೇಲೆ: ಮೂರು ಎ, ಅಥವಾ ಅದರಲ್ಲೊಂದು ಎ ಸ್ಟಾರ್. ನಾಲ್ಕನೆಯದರಲ್ಲಿ ನಿಮ್ಮ ಮಗಳಿಗೆ ಎ ಬಂತೋ ಡಿ ಬಂತೋ ಎಂಬುದು ಆ ಆಫರಿನ ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಾಲ್ಕನ್ನೂ ಓದುವ ಭರದಲ್ಲಿ ಮೂರರಲ್ಲಿ ಒಂದು ಎ ಹೋಗಿ ಬಿ ಆದರೆ, ಅದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಮೆಡಿಸಿನ್ನಿಗೆ ಏನು ಬೇಕು? ಹೆಚ್ಚಿನ ಕಡೆ ರಸಾಯನಶಾಸ್ತ್ರ ಬೇಕು. ಅದರ ಜೊತೆ ಜೀವಶಾಸ್ತ್ರ, ಕೆಲವು ಕಡೆ ಜೀವಶಾಸ್ತ್ರದ ಬದಲು ಇನ್ನೊಂದು ವಿಜ್ಞಾನ ಅಥವಾ ಗಣಿತ. ಮೂರನೆಯದು ಅನೇಕ ಕಡೆ ಮಗುವಿನ ಇಷ್ಟ. ಹಿಸ್ಟರಿ ಆಗಬಹುದು, ಫ್ರೆಂಚಾಗಬಹುದು. ಎಂಜಿನಿಯರಿಂಗಿಗೆ ಗಣಿತ, ಬಹುತೇಕ ಭೌತಶಾಸ್ತ್ರ. ಕಂಪ್ಯೂಟರ್ ಸೈನ್ಸಿಗೆ ಗಣಿತ. ಕಂಪ್ಯೂಟರ್ ಸೈನ್ಸ್ ಎ-ಲೆವೆಲ್ಲೇ ಬೇಕೆಂದು ಬಹಳ ಕಡೆ ಕೇಳುವುದಿಲ್ಲ, ಇದು ನಮ್ಮವರಲ್ಲಿ ಹಲವರಿಗೆ ಆಶ್ಚರ್ಯ. ಲಾ ಓದಲು ಇಂಥದ್ದೇ ವಿಷಯ ಎಂದಿಲ್ಲ. ಗಣಿತವನ್ನೇ ಓದಲು ಕೇಂಬ್ರಿಜ್ಜಿನಂಥ ಕಡೆ ಹೋಗುವ ಮಗುವಿಗೆ ಫರ್ದರ್ ಮ್ಯಾಥ್ಸ್ ಬೇಕೇ ಬೇಕು. ಅಂಥ ಮಗು ನಾಲ್ಕು ತೆಗೆದುಕೊಂಡರೆ ನನ್ನ ಆಕ್ಷೇಪಣೆಯಿಲ್ಲ, ಅದಕ್ಕೆ ಗಣಿತ ಆಟವಿದ್ದಂತೆ. ಆದರೆ ಮೆಡಿಸಿನ್ ಬೇಕೆನ್ನುವ ಮಗುವಿಗೆ ಭೌತಶಾಸ್ತ್ರವನ್ನೂ ಕಟ್ಟಿ, "ಯಾವುದಕ್ಕೂ ಇರಲಿ" ಎನ್ನುವುದು ಪಿ.ಸಿ.ಎಂ.ಬಿ. ಅಲ್ಲದೆ ಮತ್ತೇನು?

ಈ ನಾಲ್ಕರ ಗೀಳಿಗೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಹಿರಿಯ ಮಕ್ಕಳ ತಂದೆತಾಯಿ ಕಿರಿಯ ಮಕ್ಕಳ ತಂದೆತಾಯಿಗೆ ಸಲಹೆ ಕೊಡುವುದು ರೂಢಿ. ಒಳ್ಳೆಯ ರೂಢಿಯೇ. ಆದರೆ ಆ ಸಲಹೆಗೂ ಹಾಲಿನ ಬಾಟಲಿಯ ಹಾಗೆ ಒಂದು ತಾರೀಖಿದೆ. 2000ನೇ ಇಸವಿಯ ಸೆಪ್ಟೆಂಬರಿನಿಂದ ಇಲ್ಲಿ ಮೊದಲ ವರ್ಷ ನಾಲ್ಕು ಎ.ಎಸ್., ಎರಡನೆಯ ವರ್ಷ ಒಂದನ್ನು ಬಿಟ್ಟು ಮೂರು ಎಂಬ ಪದ್ಧತಿಯಿತ್ತು. ಆಗ ಎಲ್ಲರೂ ನಾಲ್ಕರಿಂದಲೇ ಶುರು ಮಾಡುತ್ತಿದ್ದರು. 2015ರಿಂದ ಇಂಗ್ಲೆಂಡಿನಲ್ಲಿ ಎ.ಎಸ್. ಅನ್ನು ಎ-ಲೆವೆಲ್ಲಿನಿಂದ ಬೇರ್ಪಡಿಸಿದರು. ಈಗ ಎರಡು ವರ್ಷದ ಪಾಠಕ್ಕೆ ಕೊನೆಯಲ್ಲೇ ಪರೀಕ್ಷೆ, ಅನೇಕ ಕಾಲೇಜುಗಳಲ್ಲಿ ಮೂರೇ ಮಾಮೂಲು. ಇನ್ನೊಂದು ಹಳೆಯ ಚೀಟಿ: ರಸೆಲ್ ಗ್ರೂಪಿನವರು 2011ರಲ್ಲಿ ಒಂದು ಕೈಪಿಡಿ ತಂದು, ಗಣಿತ, ಭೌತ, ರಸಾಯನ, ಜೀವ, ಇಂಗ್ಲಿಷ್ ಸಾಹಿತ್ಯ, ಇತಿಹಾಸ, ಭೂಗೋಳ, ಭಾಷೆಗಳು ಇವು ಅನುಕೂಲದ ವಿಷಯಗಳು ಎಂದು ಪಟ್ಟಿ ಕೊಟ್ಟಿದ್ದರು. ಆ ಪಟ್ಟಿಯನ್ನು 2019ರಲ್ಲಿ ಅವರೇ ತೆಗೆದುಹಾಕಿದರು. ಜನ ಅದನ್ನು ತಪ್ಪಾಗಿ ಓದುತ್ತಿದ್ದರು. ನಮ್ಮವರ ವಾಟ್ಸಾಪಿನಲ್ಲಿ ಆ ಪಟ್ಟಿ ಇನ್ನೂ ಓಡಾಡುತ್ತಿದೆ. ನಾನೇ ಹೋದ ವರ್ಷ ಎರಡು ಸಲ ನೋಡಿದೆ.

ಒಂದು ಎ-ಲೆವೆಲ್ಲಿಗೆ 360 ಗಂಟೆಯ ಪಾಠವೆಂದು ಲೆಕ್ಕ. ನಾಲ್ಕು ಎಂದರೆ 1,440. ಇದು ತರಗತಿಯದು ಮಾತ್ರ. ಮನೆಯಲ್ಲಿ ಓದುವುದು ಬೇರೆ. ನಾಲ್ಕನೆಯದರ 360 ಗಂಟೆ ಯಾವ ಜೇಬಿನಿಂದ ಬರಬೇಕು? ನಿದ್ದೆಯಿಂದ, ಆಟದಿಂದ, ಭಾನುವಾರದಿಂದ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮನೆಯಲ್ಲೇ ಆಯಿತು. ಮಗಳು ರಸಾಯನ, ಜೀವ, ಹಿಸ್ಟರಿ ಎಂದಳು. ನಾನು ಹಿಸ್ಟರಿ ತೆಗೆಸಿ ಗಣಿತ ಹಾಕಿಸಿದೆ, ಮೇಲೆ ಭೌತಶಾಸ್ತ್ರ ಕಟ್ಟಿದೆ. ಭೌತಶಾಸ್ತ್ರದ ಟ್ಯೂಷನ್ ಮೇಷ್ಟ್ರಿಗೆ ಬಿಡುವಿದ್ದದ್ದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ಸರಿಯಾಗಿ ನಮ್ಮ ಕನ್ನಡ ತರಗತಿಯ ಹೊತ್ತಿಗೆ. "ಎರಡು ವರ್ಷ ತಾನೇ, ಆಮೇಲೆ ಕನ್ನಡ ಕಲೀಬಹುದು" ಎಂದೆ. ಮೊದಲ ವರ್ಷದ ಫೆಬ್ರವರಿಗೆ ಅವಳು ಸೋತು ಭೌತಶಾಸ್ತ್ರ ಬಿಟ್ಟಳು. ಅಷ್ಟು ಹೊತ್ತಿಗೆ ರಸಾಯನದಲ್ಲೂ ಹಿಂದೆ ಬಿದ್ದಿದ್ದಳು. ಕೊನೆಗೆ ಮೂರರ ಮೇಲೆ ಆಪ್ಟೋಮೆಟ್ರಿಗೆ ಸೀಟು ಸಿಕ್ಕಿತು, ಓದು ಮುಗಿಸಿ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಭೌತಶಾಸ್ತ್ರ ಏಕೆ ಬಿಟ್ಟೆ ಎಂದು ಸಂದರ್ಶನದಲ್ಲಿ ಒಬ್ಬರೂ ಕೇಳಲಿಲ್ಲ. ಆದರೆ ಬಿಟ್ಟ ಕನ್ನಡ ತಿರುಗಿ ಬರಲಿಲ್ಲ. ಒತ್ತಕ್ಷರದವರೆಗೆ ಬಂದಿದ್ದವಳು ಅಲ್ಲೇ ನಿಂತಳು. ಅವಳ ಅಜ್ಜಿ ಎಂಬತ್ತರ ವಯಸ್ಸಿನಲ್ಲಿ ಮೊಬೈಲಿನಲ್ಲಿ ಕನ್ನಡ ಟೈಪು ಮಾಡಲು ಕಲಿತು ಮೊಮ್ಮಗಳಿಗೆ ಬರೆಯುತ್ತಾರೆ. ಮೊಮ್ಮಗಳು ಅದನ್ನು ನನಗೆ ಕಳಿಸಿ "ಅಪ್ಪ, ಏನಿದು?" ಎನ್ನುತ್ತಾಳೆ. ನಾನು ಓದಿ ಹೇಳುತ್ತೇನೆ. ಅಜ್ಜಿ ಮೊಮ್ಮಗಳಿಗೆಂದು ಬರೆದ ಮಾತು ನನ್ನ ಮೂಲಕ ಹೋಗುವಾಗ ಅರ್ಧ ಸೋರಿಹೋಗುತ್ತದೆ. ಇದು ನನ್ನ ತಪ್ಪೇ, ಬೇರೆ ಯಾರದ್ದೂ ಅಲ್ಲ.

ಇನ್ನೊಂದು ತಮಾಷೆ ನೋಡಿ. ನಾವು ಹೊತ್ತು ತಂದ ಪಿ.ಸಿ.ಎಂ.ಬಿ.ಯಲ್ಲಿ ಆ ನಾಲ್ಕೇ ವಿಷಯ ಇರಲಿಲ್ಲ. ಜೊತೆಗೆ ಎರಡು ಭಾಷೆ ಇತ್ತು. ಪಿ.ಯು.ಸಿ.ಯ 600 ಅಂಕದಲ್ಲಿ 200 ಭಾಷೆಗಳದ್ದು. ಎಸ್.ಎಸ್.ಎಲ್.ಸಿ.ಯಲ್ಲಿ ಮಿಕ್ಕ ವಿಷಯಕ್ಕೆಲ್ಲ ನೂರು ನೂರಾದರೆ ಪ್ರಥಮ ಭಾಷೆಗೆ 125. ಡಾಕ್ಟರಾಗಲು ಹೊರಟ ಹುಡುಗಿಯೂ ಹದಿನೆಂಟರವರೆಗೆ ಕನ್ನಡದ ಗದ್ಯ ಪದ್ಯ ಓದಿ ಪರೀಕ್ಷೆ ಬರೆಯಬೇಕಿತ್ತು. (ಅಂಕ ಸುಲಭವೆಂದು ಸಂಸ್ಕೃತ ತೆಗೆದುಕೊಂಡವರು ಈ ಸಂಘದಲ್ಲಿ ಎಷ್ಟು ಜನ ಇದ್ದೀರಿ ಎಂದು ನನಗೆ ಗೊತ್ತು, ಕೈ ಎತ್ತುವುದು ಬೇಡ.) ಆ ಅಂಕ ಸಿ.ಇ.ಟಿ. ರ‍್ಯಾಂಕಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆದರೂ ಓದಿದೆವು, ಯಾರೂ ಅದರಿಂದ ಹಾಳಾಗಲಿಲ್ಲ. ವಿಮಾನ ಹತ್ತುವಾಗ ಆ ಆರರಲ್ಲಿ ನಾಲ್ಕನ್ನು ಪೆಟ್ಟಿಗೆಗೆ ಹಾಕಿಕೊಂಡು ಎರಡನ್ನು ಕೆಂಪೇಗೌಡ ನಿಲ್ದಾಣದಲ್ಲೋ ಅದಕ್ಕೆ ಮುಂಚೆ ಬಂದವರು ಹಳೆಯ ಎಚ್.ಎ.ಎಲ್. ನಿಲ್ದಾಣದಲ್ಲೋ ಬಿಟ್ಟು ಬಂದೆವು.

ನನ್ನ ಸ್ನೇಹಿತರು ಎತ್ತುವ ಬಲವಾದ ವಾದ ಒಂದಿದೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. "ನಮ್ಮ ಮಕ್ಕಳು ಇಲ್ಲಿಯವರಿಗಿಂತ ಎರಡರಷ್ಟು ತೋರಿಸಬೇಕು, ಆಗಲೇ ಸಮ" ಎನ್ನುತ್ತಾರೆ. ಇದನ್ನು ಹೇಳುವವರು ಬರೀ ಊಹೆಯಿಂದ ಹೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಮಿಡ್‌ಲ್ಯಾಂಡ್ಸಿಗೆ ಬಂದ ನಮ್ಮ ಹಿರಿಯ ಡಾಕ್ಟರುಗಳಲ್ಲಿ ಎಷ್ಟೋ ಜನ ಸರ್ಜರಿಗೆಂದು ಬಂದು ಮುದುಕರ ವಾರ್ಡಿನಲ್ಲೋ ಯಾರೂ ಹೋಗದ ಬೀದಿಯ ಜಿ.ಪಿ. ಸರ್ಜರಿಯಲ್ಲೋ ನೆಲೆಯಾದರು. 1988ರಲ್ಲಿ ಜನಾಂಗ ಸಮಾನತೆಯ ಆಯೋಗ ಒಂದು ವರದಿ ಕೊಟ್ಟಿತು: ಲಂಡನ್ನಿನ ಸೇಂಟ್ ಜಾರ್ಜಸ್ ವೈದ್ಯಕೀಯ ಕಾಲೇಜಿನಲ್ಲಿ ಅರ್ಜಿ ಜರಡಿ ಹಿಡಿಯುತ್ತಿದ್ದ ಕಂಪ್ಯೂಟರ್ ಪ್ರೋಗ್ರಾಮು ಹೆಂಗಸರಿಗೂ, ಹೆಸರು ನೋಡಿದರೆ ಯೂರೋಪಿನವರಲ್ಲ ಎನ್ನಿಸುವವರಿಗೂ ಅಂಕ ಕಡಿಮೆ ಮಾಡುತ್ತಿತ್ತು. ಭಯಕ್ಕೆ ಬುಡವಿದೆ. ಆದರೆ ಒಂದು ಮಾತು ಯೋಚಿಸಿ. ಆ ಕಂಪ್ಯೂಟರು ಅಂಕ ಕಳೆದದ್ದು ಹೆಸರಿಗೆ. ನಾಲ್ಕನೆಯ ವಿಷಯ ಇಲ್ಲವೆಂದಲ್ಲ. ಅನ್ಯಾಯವಾದರೆ ಅದಕ್ಕೆ ಆಯೋಗ ಉಂಟು, ಕಾನೂನು ಉಂಟು, ನಾವು ನಾಲ್ಕು ಜನ ಸೇರಿ ಬರೆಯುವ ಕಾಗದ ಉಂಟು. ಮಗುವಿನ ಬೆನ್ನ ಮೇಲೆ ಇನ್ನೊಂದು ಚೀಲ ಹೇರುವುದು ಅದಕ್ಕೆ ಮದ್ದಲ್ಲ.

"ಹದಿಮೂರಕ್ಕೆ ಮಗುವಿಗೇನು ಗೊತ್ತು? ಬಾಗಿಲು ಮುಚ್ಚಿಹೋದರೆ?" ಎಂಬುದು ಇನ್ನೊಂದು. ಇಂಗ್ಲೆಂಡಿನ ಪದ್ಧತಿ ಮಕ್ಕಳನ್ನು ಬೇಗನೆ ಕಿರಿದಾದ ಓಣಿಗೆ ತಳ್ಳುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಹದಿನಾರಕ್ಕೆ ಮೂರೇ ವಿಷಯಕ್ಕೆ ಇಳಿಸುವುದು ನನಗೂ ಇಷ್ಟವಿಲ್ಲ. ಆದರೆ ಬಾಗಿಲುಗಳು ನಾವು ತಿಳಿದಷ್ಟು ಭದ್ರವಾಗಿ ಮುಚ್ಚುವುದಿಲ್ಲ. ನಮ್ಮ ಸೊಲಿಹಲ್‌ನಲ್ಲಿ ಹಲವು ಶಾಲೆಗಳು ಹದಿನಾರಕ್ಕೇ ಮುಗಿಯುವುದರಿಂದ, ಮಕ್ಕಳು ವಿಡ್ನಿ ಮ್ಯಾನರ್ ರಸ್ತೆಯ ಸಿಕ್ಸ್ತ್ ಫಾರ್ಮ್ ಕಾಲೇಜಿಗೋ ಬೇರೆ ಕಡೆಗೋ ಹೊಸದಾಗಿ ಸೇರಿ ಮತ್ತೊಮ್ಮೆ ಆಯ್ಕೆ ಮಾಡುತ್ತಾರೆ. ಇಲ್ಲಿಂದ ಕೂಗಳತೆಯಲ್ಲಿ ವಾರಿಕ್ ವಿಶ್ವವಿದ್ಯಾನಿಲಯ ಇದೆ. ಅದರ ವೈದ್ಯಕೀಯ ಶಾಲೆ ತೆಗೆದುಕೊಳ್ಳುವುದೇ ಪದವೀಧರರನ್ನು, ನಾಲ್ಕು ವರ್ಷದ ಕೋರ್ಸಿಗೆ. ಮೊದಲ ಪದವಿ ವಿಜ್ಞಾನದ್ದೇ ಆಗಬೇಕೆಂದಿಲ್ಲ. ಹಿಸ್ಟರಿ ಓದಿದ ಮಗು ಇಪ್ಪತ್ತೊಂದಕ್ಕೆ ಡಾಕ್ಟರಾಗುತ್ತೇನೆ ಎಂದರೆ ಅದಕ್ಕೂ ದಾರಿಯಿದೆ ಎಂದಾಯಿತು. ಕಷ್ಟದ ದಾರಿ, ಆದರೆ ದಾರಿ.

ಇಲೆವೆನ್ ಪ್ಲಸ್ ಬಗ್ಗೆ ಎರಡೇ ಮಾತು. ಸೊಲಿಹಲ್ ಬರೋದಲ್ಲಿ ಸರ್ಕಾರಿ ಗ್ರಾಮರ್ ಶಾಲೆಗಳಿಲ್ಲ. ನಮ್ಮವರು ಓಡುವುದು ಬರ್ಮಿಂಗ್‌ಹ್ಯಾಮಿನ ಕಿಂಗ್ ಎಡ್ವರ್ಡ್ ಶಾಲೆಗಳಿಗೆ. ಓಡಲಿ. ಅದಕ್ಕೆ ಕೋಚಿಂಗ್ ಬೇಕಾದವರಿಗೆ ಊರ ತುಂಬ ಸೆಂಟರುಗಳಿವೆ, ಸ್ಟ್ರಾಟ್‌ಫರ್ಡ್ ರಸ್ತೆಯಲ್ಲಿ ನಡೆದರೆ ಬೋರ್ಡಿಗೆ ಬೋರ್ಡು ತಗಲುತ್ತದೆ. ಕನ್ನಡ ಕಲಿಸುವ ಬೋರ್ಡು ಎಲ್ಲಾದರೂ ಕಂಡರೆ ನನಗೆ ತಿಳಿಸಿ.

ಈಗ ಕನ್ನಡದ ಮಾತಿಗೇ ಬರುತ್ತೇನೆ. ಪಂಜಾಬಿ, ಉರ್ದು, ಗುಜರಾತಿ, ಬಂಗಾಳಿಗೆ ಜಿ.ಸಿ.ಎಸ್.ಇ. ಇದೆ. ಆ ಮನೆಗಳ ಮಗು ಫಾರಂನ ಭಾಷೆಯ ಕಾಲಂನಲ್ಲಿ ತನ್ನ ಮನೆಯ ಭಾಷೆಯನ್ನೇ ಬರೆಯಬಹುದು. ಶಾಲೆಯಲ್ಲಿ ಕಲಿಸದಿದ್ದರೂ ಪರೀಕ್ಷೆಗೆ ಕೂರಿಸಿ ಎಂದು ಕೇಳಬಹುದು. ಕನ್ನಡಕ್ಕೆ ಅಂಥ ಪರೀಕ್ಷೆಯಿಲ್ಲ. ಪ್ರತಿ ರಾಜ್ಯೋತ್ಸವಕ್ಕೂ ವೇದಿಕೆ ಹತ್ತಿ "ಕನ್ನಡಕ್ಕೂ ಜಿ.ಸಿ.ಎಸ್.ಇ. ಬೇಕು" ಎಂದು ನಾವು ಭಾಷಣ ಮಾಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಹೋಳಿಗೆ ತಿನ್ನುತ್ತೇವೆ. ಇರುವ ಭಾಷೆಗಳ ಕಥೆ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಿ. 2015ರಲ್ಲಿ ಪರೀಕ್ಷಾ ಮಂಡಳಿಗಳು ಮಕ್ಕಳ ಸಂಖ್ಯೆ ಸಾಲದೆಂದು ಬಂಗಾಳಿ, ಗುಜರಾತಿ, ಪಂಜಾಬಿಯಂಥ ಭಾಷೆಗಳ ಪರೀಕ್ಷೆಗಳನ್ನು ನಿಲ್ಲಿಸಲು ಹೊರಟವು. ಆ ಸಮುದಾಯದವರು ಸಹಿ ಹಾಕಿದರು, ಎಂ.ಪಿ.ಗಳ ಬಾಗಿಲು ತಟ್ಟಿದರು, ಶನಿವಾರದ ಶಾಲೆಗಳವರು ಪತ್ರ ಬರೆದರು. 2016ರಲ್ಲಿ ಸರ್ಕಾರ ಅವು ಮುಂದುವರಿಯುತ್ತವೆ ಎಂದಿತು. ಅವರ ಹಿಂದೆ ತರಗತಿಗಳಲ್ಲಿ ಕೂತ ಮಕ್ಕಳಿದ್ದರು. ನಾವು ಹೋಗಿ ಕೇಳಿದರೆ ಮಂಡಳಿಯವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಮಕ್ಕಳು?" ಎಂಬುದೇ. ಹದಿನಾಲ್ಕು ದಾಟಿದ ಎಷ್ಟು ಮಕ್ಕಳನ್ನು ನಮ್ಮ ತರಗತಿಯಲ್ಲಿ ತೋರಿಸೋಣ? ಹೋದ ತಿಂಗಳು ನಾನು ಎಣಿಸಿದೆ. ಮೂವರು. ಅದರಲ್ಲಿ ಒಬ್ಬ ತಂಗಿಯನ್ನು ಕರೆದುಕೊಂಡು ಹೋಗಲು ಬಂದವನು.

ಕನ್ನಡಕ್ಕೆ ಗ್ರೇಡು ಸಿಗುವುದಿಲ್ಲ ಎಂಬುದು ನಿಜ. ಹಾಗೆಂದು ಅದರಿಂದ ಕಾಲೇಜು ಅರ್ಜಿಗೆ ಏನೂ ಇಲ್ಲ ಎನ್ನುವುದು ತಪ್ಪು. ಈ ಲೆಕ್ಕವನ್ನು ಹೇಳಲು ನನಗೇ ಸ್ವಲ್ಪ ನಾಚಿಕೆ. ತಾಯಿಭಾಷೆಯನ್ನು ಅಂಕದ ತಕ್ಕಡಿಯಲ್ಲಿ ತೂಗಬೇಕಾಗಿ ಬಂತಲ್ಲ ಎಂದು. ಆದರೂ ಲೆಕ್ಕ ಕೇಳುವವರಿಗೆ ಲೆಕ್ಕ. ಡ್ಯೂಕ್ ಆಫ್ ಎಡಿನ್‌ಬರೋ ಪದಕಕ್ಕೆ ನಮ್ಮ ಮಕ್ಕಳೆಲ್ಲ ಒಂಬತ್ತನೇ ವರ್ಷದಲ್ಲಿ ಸೇರುತ್ತಾರಲ್ಲ, ಅದರ ಸ್ಕಿಲ್ಸ್ ಭಾಗಕ್ಕೆ ಭಾಷೆ ಕಲಿಯುವುದನ್ನು ಒಪ್ಪುತ್ತಾರೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಅಕ್ಷರ ತಿದ್ದಿಸಿದರೆ ಅದು ಸ್ವಯಂಸೇವೆಯ ಭಾಗಕ್ಕೆ ಆಗುತ್ತದೆ. ಅದಕ್ಕಾಗಿ ಚ್ಯಾರಿಟಿ ಅಂಗಡಿಯಲ್ಲಿ ಹಳೆಯ ಅಂಗಿ ಮಡಿಸಲು ಮಕ್ಕಳನ್ನು ಕಳಿಸುತ್ತೀರಿ, ನಮ್ಮ ಹಾಲಿಗೆ ಕಳಿಸುವುದಿಲ್ಲ.

ಇನ್ನೂ ಒಂದು. ನಾಲ್ಕನೆಯ ಎ-ಲೆವೆಲ್ಲಿನ ಬದಲು ಇ.ಪಿ.ಕ್ಯೂ. ಎಂಬುದಿದೆ, ಮಗು ತಾನೇ ಆರಿಸಿದ ವಿಷಯದ ಮೇಲೆ ಸುಮಾರು 5,000 ಪದಗಳ ಪ್ರಬಂಧ ಬರೆದು ಅದರ ಮೇಲೆ ಮಾತನಾಡಬೇಕು. 120 ಗಂಟೆಯ ಕೆಲಸ, ಅರ್ಧ ಎ-ಲೆವೆಲ್ಲಿಗೆ ಸಮ. ಅದರಲ್ಲಿ ಒಳ್ಳೆಯ ಗ್ರೇಡು ಬಂದರೆ ಕೆಲವು ವಿಶ್ವವಿದ್ಯಾನಿಲಯಗಳು ಕೆಲವು ಕೋರ್ಸಿಗೆ ಆಫರನ್ನು ಒಂದು ಗ್ರೇಡು ಇಳಿಸುತ್ತವೆ. ನಾಲ್ಕನೆಯ ಎ-ಲೆವೆಲ್ಲಿಗೆ ಇಳಿಸುವುದನ್ನು ನಾನು ಕಂಡಿಲ್ಲ. ಕಿಟೆಲ್ಲರ 1894ರ ನಿಘಂಟು ಮಂಗಳೂರಿನಲ್ಲಿ ಅಚ್ಚಾದ ಕಥೆಯ ಮೇಲೆ ಒಬ್ಬ ಹುಡುಗಿ ಬರೆಯಬಹುದು. ಬಯಲುಸೀಮೆಯ ಕುಡಿಯುವ ನೀರಿನ ಫ್ಲೋರೈಡಿನ ಮೇಲೆ ಡಾಕ್ಟರಾಗಲಿರುವ ಹುಡುಗ ಬರೆಯಬಹುದು. ಕನ್ನಡ ಬಂದರೆ ಊರಿಗೆ ಹೋದಾಗ ಜನರನ್ನು ತಾನೇ ಮಾತನಾಡಿಸಬಹುದು. 2026ರ ಪ್ರವೇಶದಿಂದ ಯುಕ್ಯಾಸ್ ಹೇಳಿಕೆಯೂ ಮೂರು ಪ್ರಶ್ನೆಗಳಾಗಿದೆ. ಮೂರನೆಯದು ಶಾಲೆಯ ಹೊರಗೆ ಏನು ಮಾಡಿದೆ, ಅದು ಹೇಗೆ ಉಪಯೋಗ ಎಂಬುದು. "ಟ್ಯೂಷನ್ನಿಗೆ ಹೋದೆ" ಎಂದು ಬರೆಯುವುದೇ?

ಸಮಿತಿಯ ಸಭೆ ಫೆಬ್ರವರಿ ಎರಡನೆಯ ಭಾನುವಾರ, ತರಗತಿ ಮುಗಿದ ಮೇಲೆ. ಕನ್ನಡದ ಗಂಟೆಯನ್ನು ಕತ್ತರಿಸುವ ಸಲಹೆಗೆ ವಿರುದ್ಧವಾಗಿ ಕೈ ಎತ್ತಬೇಕೆಂದು ಸದಸ್ಯರನ್ನು ಕೇಳಿಕೊಳ್ಳುತ್ತೇನೆ. ಬದಲಿಗೆ ನನ್ನದೊಂದು ಸಲಹೆ: ಫಾರಂ ಬರುವ ಈ ಎರಡು ತಿಂಗಳು, ತರಗತಿ ಮುಗಿದ ಮೇಲೆ ಅರ್ಧ ಗಂಟೆ, ಹಾಲಿನ ಹಿಂದಿನ ಟೇಬಲ್ಲಿನಲ್ಲಿ ಕೂರೋಣ. ಇಲ್ಲಿಯ ಶಾಲೆಗಳಲ್ಲಿ ಪಾಠ ಹೇಳುವ ನಮ್ಮವರೇ ಇಬ್ಬರು ಬರಲು ಒಪ್ಪಿದ್ದಾರೆ. ಈಗ ಎರಡನೇ ವರ್ಷ ಯೂನಿವರ್ಸಿಟಿಯಲ್ಲಿರುವ ನಮ್ಮ ಮಕ್ಕಳು ಕೆಲವರು ಬರುತ್ತೇವೆಂದಿದ್ದಾರೆ. ಅವರ ಅನುಭವಕ್ಕೆ ನಮ್ಮದಕ್ಕಿಂತ ಹೊಸ ತಾರೀಖಿದೆ. ಫಾರಂ ತನ್ನಿ, ಬೇಕಾದ ಕೋರ್ಸಿನ ಪುಟ ಪ್ರಿಂಟು ಮಾಡಿಕೊಂಡು ತನ್ನಿ, ಪೆನ್ನಲ್ಲ ಪೆನ್ಸಿಲ್ ತನ್ನಿ. ಫಾರಂ ಯಾರದ್ದೋ ಆ ಮಗುವನ್ನೂ ಕರೆತನ್ನಿ, ಮೊದಲು ಅದು ಮಾತನಾಡಲಿ. ಚಹಾ ನನ್ನದು.